ನಮ್ಮ ಮನೆಯವರು ಎರಡನೇ ಸ್ಮ್ಯಾಶರ್ ತಂದದ್ದು

ನನ್ನ ತವರು ಮನೆಯವರು ವಾಲಿಬಾಲ್ ಆಡುತ್ತಿದ್ದದ್ದು ವರ್ಷಕ್ಕೆ ಮೂರು ತಿಂಗಳು. ಅದರ ಬಗ್ಗೆ ಜಗಳ ಆಡುತ್ತಿದ್ದದ್ದು ಉಳಿದ ಒಂಬತ್ತು ತಿಂಗಳು. ಸಂಕ್ರಾಂತಿ ಕಳೆದು ಗದ್ದೆ ಒಣಗಿದ ಮೇಲೆ ಶಾಲೆ ಬಯಲಿನಲ್ಲಿ ಕಂಬ ನೆಟ್ಟು, ಬಲೆ ಕಟ್ಟಿ, ಸುಣ್ಣದ ಗೆರೆ ಎಳೆದರೆ ಯುಗಾದಿ ದಾಟುವವರೆಗೂ ಆಟ. ಮೊದಲ ಮಳೆ ಬಿದ್ದ ಕೂಡಲೇ ಬಲೆಯನ್ನು ಗೋಣಿಚೀಲಕ್ಕೆ ತುರುಕಿ ಅಟ್ಟಕ್ಕೆ ಏರಿಸುತ್ತಿದ್ದರು. ಅಲ್ಲಿ ಅದು ಹುರುಳಿ ಗುಡಾಣದ ಪಕ್ಕ ಬಿದ್ದಿರುತ್ತಿತ್ತು. ಹುರುಳಿ ತೆಗೆಯಲು ಹೋದಾಗಲೆಲ್ಲ ಅಜ್ಜಿಯ ಕಾಲಿಗೆ ಅದು ತೊಡರಿಕೊಳ್ಳುತ್ತಿತ್ತು, ಅಜ್ಜಿ ಮನೆಯ ಗಂಡಸರನ್ನೆಲ್ಲ ಸಾಲಾಗಿ ಬೈಯುತ್ತಿದ್ದಳು. ಬಲೆ ಮೇಲೆ ಹೋದ ದಿನವೇ ಕೆಳಗೆ ಹಜಾರದಲ್ಲಿ ಮಾತು ಶುರು. ಮುಂದಿನ ಸಲ ಯಾರನ್ನು ಇಟ್ಟುಕೊಳ್ಳುವುದು, ಯಾರನ್ನು ಬಿಡುವುದು, ಯಾವ ಊರಿನಿಂದ ಯಾರನ್ನು ಎಳೆದು ತರುವುದು, ಯಾರನ್ನು ಎಲ್ಲಿ ನಿಲ್ಲಿಸುವುದು. ನನಗೆ ಬಾಯಿ ಜಾಸ್ತಿ ಎಂದು ಗಂಡನ ಮನೆಯವರು ಇವತ್ತಿಗೂ ಹೇಳುತ್ತಾರೆ. ಆ ಹಜಾರದಲ್ಲಿ ಬೆಳೆದವಳಿಗೆ ಬಾಯಿ ಕಡಿಮೆ ಇರಲು ಸಾಧ್ಯವಾದರೂ ಹೇಗೆ ಸ್ವಾಮಿ?

ಪಾಂಡವಪುರ ತಾಲ್ಲೂಕಿನಲ್ಲಿ, ಕ್ಯಾತನಹಳ್ಳಿಗೆ ಎರಡು ಮೈಲಿ ದೂರದಲ್ಲಿ ನಮ್ಮೂರು. ಸುತ್ತ ಕಬ್ಬು, ಮಧ್ಯ ಮನೆಗಳು. ನಮ್ಮದು ದೊಡ್ಡ ಮನೆಯೇನಲ್ಲ, ಆದರೆ ಹಜಾರ ದೊಡ್ಡದಾಗಿತ್ತು, ನೆಲಕ್ಕೆ ಕೆಂಪು ಗಾರೆ ಬಳಿದಿದ್ದರು. ಹಜಾರಕ್ಕೂ ಅಡುಗೆ ಮನೆಗೂ ನಡುವೆ ಇದ್ದ ಗೋಡೆ ಹೆಂಚಿನವರೆಗೆ ಹೋಗಿರಲಿಲ್ಲ. ಮೇಲೆ ಎರಡು ಮೊಳ ಖಾಲಿ ಬಿಟ್ಟಿದ್ದರು, ಒಲೆಯ ಹೊಗೆ ಹೋಗಲಿ ಎಂದು. ಹೊಗೆ ಹಜಾರಕ್ಕೆ ಬರುತ್ತಿತ್ತು, ಹಜಾರದ ಮಾತು ಒಳಕ್ಕೆ ಹೋಗುತ್ತಿತ್ತು. ಹೊರಗಿನ ಗಂಡಸರು ಕೂತಿರುವಾಗ ನಮ್ಮ ಮನೆ ಹೆಂಗಸರು ಹಜಾರಕ್ಕೆ ಬರುತ್ತಿರಲಿಲ್ಲ, ಅದು ಅಜ್ಜಿ ಮಾಡಿದ ಕಟ್ಟು. ಹತ್ತು ಹನ್ನೆರಡು ವರ್ಷದ ನಾನು ಮಾತ್ರ ಎರಡೂ ಕಡೆ ಓಡಾಡುತ್ತಿದ್ದೆ, ಯಾಕೆಂದರೆ ನನ್ನನ್ನು ಇನ್ನೂ ಯಾರೂ ಹೆಂಗಸು ಎಂದು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಅಪ್ಪ ಟೀಮಿನ ಮ್ಯಾನೇಜರು. ಜೀವಮಾನದಲ್ಲಿ ಒಂದು ಆಟ ಆಡಿದವನಲ್ಲ. ನೆಟ್ಟಿನ ಕೆಳಗೆ ನಿಂತು ಕೈ ಎತ್ತಿದರೆ ಬಲೆಯ ಅರ್ಧಕ್ಕೆ ಬರುತ್ತಿದ್ದ, ಅಷ್ಟು ಗಿಡ್ಡ. ಆಡುತ್ತಿದ್ದವನು ಅವನ ತಮ್ಮ, ನಮ್ಮ ನಿಂಗರಾಜು ಚಿಕ್ಕಪ್ಪ. ಟೀಮಿನ ಸ್ಮ್ಯಾಶರ್. ಎಗರಿ ಚೆಂಡು ಬಾರಿಸಿದರೆ ಎದುರು ನಿಂತವರು ಮುಖ ತಿರುಗಿಸಿಕೊಳ್ಳುತ್ತಿದ್ದರು. ಆಟದಷ್ಟೇ ಕೋಪವೂ ಇತ್ತು. ಬಾರಿಸಲೆಂದು ಎತ್ತಿಕೊಡುವ ಚೆಂಡು, ಅಂದರೆ ಲಿಫ್ಟು, ಒಂದು ಗೇಣು ತಪ್ಪಿದರೆ ಟವೆಲ್ ಕಿತ್ತು ನೆಲಕ್ಕೆ ಬಡಿಯುತ್ತಿದ್ದ. ಅವನಿಗೆ ಲಿಫ್ಟು ಕೊಡುತ್ತಿದ್ದವನು ಟೈಲರ್ ಖಲೀಲಣ್ಣ, ಮೆತ್ತಗಿನ ಮನುಷ್ಯ, ಬೈಸಿಕೊಂಡು ನಗುತ್ತಿದ್ದ. ಇವರ ಜೊತೆ ಸೋಡಾ ಅಂಗಡಿ ಕೆಂಪಣ್ಣ. ಅವನು ಆಡುವುದನ್ನು ಬಿಟ್ಟು ಎಷ್ಟೋ ವರ್ಷವಾಗಿತ್ತು, ಅಭಿಪ್ರಾಯ ಮಾತ್ರ ಬಿಟ್ಟಿರಲಿಲ್ಲ. ಕತ್ತಲಾಗುವ ಮುಂಚೆ ನಾಲ್ವರೂ ಹಜಾರದಲ್ಲಿ ಕೂತರೆ ಮುದ್ದೆ ಬಡಿಸುವವರೆಗೂ ಏಳುತ್ತಿರಲಿಲ್ಲ.

ವಾಲಿಬಾಲಿನಲ್ಲಿ ಆರು ಜನ ಆರು ಜಾಗದಲ್ಲಿ ನಿಲ್ಲುತ್ತಾರೆ, ಮುಂದೆ ಮೂವರು, ಹಿಂದೆ ಮೂವರು. ಎದುರಿನವರ ಕೈಯಿಂದ ಸರ್ವೀಸು ನಮಗೆ ಬಂದಾಗಲೆಲ್ಲ ಎಲ್ಲರೂ ಒಂದೊಂದು ಜಾಗ ಸರಿಯಬೇಕು. ಇದಕ್ಕೆ ರೊಟೇಶನ್ ಎನ್ನುತ್ತಾರೆ. ಮುಂದೆ ಇದ್ದವನು ಸರಿಯುತ್ತಾ ಹಿಂದಕ್ಕೆ ಹೋಗಲೇಬೇಕು, ಹಿಂದೆ ಹೋದವನು ನೆಟ್ಟಿನ ಹತ್ತಿರ ಬಂದು ಬಾರಿಸುವಂತಿಲ್ಲ. ಅಂದರೆ ಎಂಥಾ ಸ್ಮ್ಯಾಶರ್ ಆದರೂ ಅರ್ಧ ಆಟ ಹಿಂದೆ ಇದ್ದು ದಂಡ. ನಮ್ಮ ಗಂಡಸರಿಗೆ ಈ ಸರಿಯುವ ಲೆಕ್ಕ ಯಾವತ್ತೂ ತಲೆಗೆ ಹತ್ತಲಿಲ್ಲ. ಅದಕ್ಕೇ ಹಜಾರದ ನೆಲದ ಮೇಲೆ ಸೀಮೆಸುಣ್ಣದಲ್ಲಿ ಆರು ಮನೆ ಬರೆದು, ಆರು ಹುಣಸೆ ಬೀಜ ಇಟ್ಟು ಸರಿಸುತ್ತಾ ಕೂರುತ್ತಿದ್ದರು. ಮೂರನೇ ಸುತ್ತಿಗೆ ಬರುವಷ್ಟರಲ್ಲಿ ಯಾವ ಬೀಜ ಯಾರು ಎಂದು ಮರೆತು ಕಿತ್ತಾಡುತ್ತಿದ್ದರು. ಆಗ ಗೋಡೆಯ ಆಚೆಯಿಂದ, ಒಲೆಯ ಮುಂದಿನಿಂದ ಒಂದು ಕೂಗು ಬರುತ್ತಿತ್ತು.

"ಅಣ್ಣಾ, ಖಲೀಲಣ್ಣ ಸರ್ವೀಸ್ ಮಾಡೋವಾಗ ನಿಂಗಣ್ಣ ಎಡಗಡೆ ಮೂಲೇಲಿರ್ತಾನೆ. ಮುಂದ್ಗಡೆ ಮೂಲೆ. ಆ ಬೀಜ ಅಲ್ಲಿಗೆ ಮಡಗು."

ಅದು ಜಯತ್ತೆ. ಅಪ್ಪನ ತಂಗಿ, ಮನೆಗೆ ಕಿರಿಯವಳು, ಆಗ ಇಪ್ಪತ್ತೆರಡೋ ಇಪ್ಪತ್ಮೂರೋ. ನೆಲ ನೋಡದೆ, ಬೀಜ ಮುಟ್ಟದೆ, ಮುದ್ದೆ ತಿರುವುತ್ತಾ ಆರೂ ಜನ ಎಲ್ಲೆಲ್ಲಿದ್ದಾರೆ ಎಂದು ಹೇಳುತ್ತಿದ್ದಳು. ಶಾಲೆ ಬಯಲಿನಲ್ಲಿ ಆಟ ನಡೆಯುವಾಗ ನೀರು ತರುವ ನೆಪದಲ್ಲಿ ಬೇಲಿ ಪಕ್ಕ ನಿಂತು ನೋಡಿ ನೋಡಿ ಅವಳಿಗೆ ಎಲ್ಲರ ಕೈಗುಣವೂ ಗೊತ್ತಿತ್ತು. ಅವಳು ಹೇಳಿದಂತೆ ಅಪ್ಪ ಬೀಜ ಸರಿಸುತ್ತಿದ್ದ. ಸರಿಸಿದ ಮೇಲೆ "ಅದನ್ನೇ ಕಣ್ಲಾ ನಾನು ಆಗ್ಲಿಂದ ಬಡ್ಕತಿರೋದು" ಎನ್ನುತ್ತಿದ್ದ. ಯಾರೂ ಗೋಡೆಯ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಅಡುಗೆ ಮನೆಯಿಂದ ಸಾರು ಬಂದಷ್ಟೇ ಸಹಜವಾಗಿ ಆ ಮಾತೂ ಬರುತ್ತದೆ ಎಂದುಕೊಂಡಿದ್ದರು.

ನಾನು ಹೇಳುತ್ತಿರುವ ವರ್ಷ ನಾವು ಕೊನೇ ಪಂದ್ಯದಲ್ಲಿ ಸೋತು ಬಂದಿದ್ದೆವು. ಚಿಕ್ಕಪ್ಪ ಮುಂದಿದ್ದಾಗ ಗೆದ್ದದ್ದನ್ನೆಲ್ಲ ಅವನು ಹಿಂದೆ ಹೋದಾಗ ಕಳೆದುಕೊಂಡೆವು. ಮೊದಲ ಮಳೆ ಬಿದ್ದಾಗಿನಿಂದ ಹಜಾರದಲ್ಲಿ ಬೇರೆ ಮಾತೇ ಇರಲಿಲ್ಲ.

"ಇನ್ನೊಬ್ಬ ಸ್ಮ್ಯಾಶರ್ ಇಲ್ದಿದ್ರೆ ಈ ಸಲ ಬಲೆ ಕಟ್ಟೋದೇ ಬ್ಯಾಡ," ಅಂದ ಅಪ್ಪ.

"ನಾಗಮಂಗಲದ ಕಡೆ ಒಬ್ಬ ಅವ್ನಲ್ಲ, ಎಡಗೈ ಉಡ್ಗ?" ಕೆಂಪಣ್ಣ ಕೇಳಿದ.

"ಅವ್ನಾ? ಮಧ್ಯಾಹ್ನ ಆದ್ಮೇಲೆ ಅವನ ಕಣ್ಗೆ ಎರಡೆರಡು ಚೆಂಡು ಕಾಣ್ತವೆ. ಯಾವುದಕ್ಕೆ ಒಡೀಬೇಕು ಅಂತ ಯೋಚ್ನೆ ಮಾಡ್ತಾ ನಿಂತ್ಕತಾನೆ," ಅಂದ ಚಿಕ್ಕಪ್ಪ.

"ಶ್ರೀರಂಗಪಟ್ಟಣದ ಉದ್ದನೆ ಆಸಾಮಿ?"

"ಅವನು ತಡೀತಾನೆ ಕಣ್ಲಾ, ಒಡೆಯಕ್ಕಿಲ್ಲ. ನಮಗೆ ಬೇಕಾಗಿರೋದು ಒಡೆಯೋನು."

ಖಲೀಲಣ್ಣ ಗಂಟಲು ಸರಿಮಾಡಿಕೊಂಡ. "ಅರೆ ಭಾಯ್, ನನ್ ಮಾತು ಒಸಿ ಕೇಳಿ. ಕಿಕ್ಕೇರಿ ಆಚೆ ಒಂದು ಊರಲ್ಲಿ ಮಾದೇವ ಅಂತ ಅವ್ನೆ. ಹೋದ ವರ್ಸ ನೋಡಿಲ್ವಾ? ಕ್ಯಾ ಹಾತ್ ಹೈ, ಎಂಥಾ ಕೈ! ಅವನಿಗೆ ಲಿಫ್ಟ್ ಕೊಟ್ರೆ ಸಾಕು, ಮಿಕ್ಕಿದ್ದು ಅವನು ನೋಡ್ಕತಾನೆ."

"ಯಾರಾದ್ರೂ ಅಷ್ಟೇಯ, ಬೇರೆ ಊರೋನ್ನ ಆಡ್ಸಂಗಿಲ್ವಲ್ಲಪ್ಪ," ಅಂದ ಅಪ್ಪ.

ಅದು ನಮ್ಮ ಕಡೆಯ ಪಂದ್ಯಗಳ ನಿಯಮ. ಸುತ್ತಲಿನ ಪಿ.ಟಿ. ಮೇಷ್ಟ್ರುಗಳು ಸೇರಿ ಮಾಡಿದ್ದರು. ಟೀಮಿನಲ್ಲಿ ಊರಿನವರೇ ಇರಬೇಕು. ಆದರೆ ಊರಿನ ಅಳಿಯ ಊರಿನವನೇ ಎಂದು ಒಂದು ಸಂದು ಬಿಟ್ಟಿದ್ದರು, ಹಬ್ಬಕ್ಕೆಂದು ಬಂದ ಅಳಿಯನನ್ನು ಹೊರಗೆ ಕೂರಿಸುವುದು ಮರ್ಯಾದೆಯಲ್ಲ ಎಂದು. ಆ ಸಂದಿನಲ್ಲಿ ಎಷ್ಟೋ ಊರಿನವರು ನುಗ್ಗಿದ್ದರು. ಪಕ್ಕದ ಊರಿನವರು ಹೆಣ್ಣು ಕೊಟ್ಟು ಇಬ್ಬರು ಆಟಗಾರರನ್ನು ತಂದುಕೊಂಡಿದ್ದರು. ಹಜಾರದಲ್ಲಿ ಕೂತ ನಾಲ್ವರಿಗೂ ಅದು ಗೊತ್ತಿತ್ತು. ಕೊನೆಗೆ ಕೆಂಪಣ್ಣನೇ ನೆಲ ನೋಡುತ್ತಾ, "ನಿಮ್ಮನೇಲೂ ಒಂದು ಎಣ್ಣೈತಲ್ಲ ಅಣ್ಣ," ಎಂದ. ಗೋಡೆಯ ಆಚೆ ಮುದ್ದೆ ಕೋಲಿನ ಸದ್ದು ನಿಂತಿತು. ನಾನು ಆಗ ಅಡುಗೆ ಮನೆಯ ಬಾಗಿಲಲ್ಲೇ ಇದ್ದೆ. ಜಯತ್ತೆ ಕೋಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಗೋಡೆಯನ್ನೇ ನೋಡುತ್ತಿದ್ದಳು. ಹಿಟ್ಟು ಸೀದ ವಾಸನೆ ಬಂದ ಮೇಲೆ ಅವ್ವ ಓಡಿ ಬಂದು ಪಾತ್ರೆ ಇಳಿಸಿದಳು.

ಆವತ್ತು ಸೀದ ಮುದ್ದೆಯನ್ನೇ ಎಲ್ಲರಿಗೂ ಬಡಿಸಿದರು. ಹೊರಗಿನವರು ಹೋಗಿದ್ದರಿಂದ ಅವ್ವ ಹಜಾರಕ್ಕೇ ಬಂದು ನಿಂತಳು. ನನ್ನ ಅವ್ವ ಮಾತು ಕಡಿಮೆಯ ಹೆಂಗಸು. ಆಡಿದರೆ ಮಾತ್ರ ಎದುರಿನವರು ನುಂಗುತ್ತಿದ್ದ ತುತ್ತು ನಿಲ್ಲಬೇಕು.

"ಅಲ್ಲ, ನೀವೇನು ಮನೆ ಎಣ್ಣುಮಗಳಿಗೆ ಗಂಡು ನೋಡ್ತಿದ್ದೀರೋ, ಇಲ್ಲ ಜಾತ್ರೇಲಿ ಓರಿ ನೋಡ್ತಿದ್ದೀರೋ?"

"ಸುಮ್ಕಿರೇ. ಉಡ್ಗ ಒಳ್ಳೇನು. ಜಮೀನೈತೆ, ಎರಡು ಸೀಮೆ ಹಸ ಅವೆ," ಅಂದ ಅಪ್ಪ.

"ಹಸ ಅವೆ ಅಂತ ಈಗ ನೆನಪಾಯ್ತು. ಆಗಿಂದ ರಟ್ಟೆ ರಟ್ಟೆ ಅಂತಿದ್ರಿ."

ಚಿಕ್ಕಪ್ಪನಿಗೂ ಇದು ಇಷ್ಟವಿರಲಿಲ್ಲ, ಆದರೆ ಕಾರಣ ಬೇರೆ. "ನಾನೊಬ್ನೇ ಸಾಕು. ಇನ್ನೊಬ್ಬ ಯಾಕೆ?" ಎಂದು ತಟ್ಟೆ ತಳ್ಳಿ ಎದ್ದ. ಅಜ್ಜಿ ಮಾತ್ರ ಗಂಡಿನ ಮನೆಯ ಹಿಂದುಮುಂದೆಲ್ಲ ವಿಚಾರಿಸಿ, ಯಾರಿಗೆ ಕೊಟ್ಟರೇನು, ಈ ವರ್ಷ ಕೊಡಲೇಬೇಕು ಎಂದು ಅಪ್ಪನ ಕಡೆ ಸೇರಿಕೊಂಡಳು. ಮೂರು ದಿನ ಮನೆ ತುಂಬಾ ಇದೇ ಗಲಾಟೆ. ಎಲ್ಲರೂ ಜಯತ್ತೆಯ ಬಗ್ಗೆ ಮಾತಾಡಿದರು, ಅವಳನ್ನು ಒಬ್ಬರೂ ಕೇಳಲಿಲ್ಲ. ನನ್ನನ್ನು ಕೇಳದೆ ನನ್ನ ವಿಷಯ ಯಾರಾದರೂ ತೀರ್ಮಾನ ಮಾಡಿದರೆ ನನಗೆ ಈಗಲೂ ಮೈ ಉರಿದು ಹೋಗುತ್ತದೆ. ಆ ಉರಿ ಹತ್ತಿಕೊಂಡದ್ದು ಆ ಮೂರು ದಿನದಲ್ಲಿ. ನಾಲ್ಕನೇ ದಿನ ಬೆಳಿಗ್ಗೆ ಅಪ್ಪ ಹಲ್ಲುಜ್ಜುತ್ತಿದ್ದಾಗ ಜಯತ್ತೆ ಹಿತ್ತಲಿಗೆ ಹೋಗಿ ಅವನ ಮುಂದೆ ನಿಂತಳು.

"ಅಣ್ಣ, ಅವನು ಆಡೋದನ್ನ ನಾನೂ ನೋಡ್ಬೇಕು. ನೋಡ್ದೆ ನಾನು ಒಪ್ಪಕ್ಕಿಲ್ಲ."

"ನೀನು ಗಂಡ್ನ ನೋಡ್ಬೇಕೋ ಆಟ ನೋಡ್ಬೇಕೋ?"

"ಆಟ. ಅವರು ಮನೇಗೆ ಬಂದು ಉಪ್ಪಿಟ್ಟು ತಿಂದು ಓದ್ರೆ ನನಗೇನು ಗೊತ್ತಾಯ್ತದೆ? ಸರ್ಟು ಗೊತ್ತಾಯ್ತದೆ ಅಷ್ಟೇಯ."

ಅಪ್ಪನಿಗೆ ಇದು ಸರಿ ಕಂಡಿತು, ಯಾಕೆಂದರೆ ಅವನೂ ಇನ್ನೊಂದು ಸಲ ಆ ಹುಡುಗನ ಎಗರು ನೋಡಬೇಕೆಂದಿದ್ದ. ಮಳೆ ಬಿಡುವು ಕೊಟ್ಟ ಒಂದು ಭಾನುವಾರ ಕಿಕ್ಕೇರಿ ಕಡೆಯ ಹುಡುಗರು ಸುಮ್ಮನೆ ಅಭ್ಯಾಸಕ್ಕೆ ಆಡುತ್ತಾರೆ ಎಂದು ಸುದ್ದಿ ತರಿಸಿ, ಅಪ್ಪ, ಅವ್ವ, ಜಯತ್ತೆ, ನಾನು ಪಾಂಡವಪುರದಲ್ಲಿ ಬಸ್ಸು ಹತ್ತಿದೆವು. ಕೆ.ಆರ್. ಪೇಟೆಯಲ್ಲಿ ಇಳಿದು ಇನ್ನೊಂದು ಬಸ್ಸು. ನೆಂಟರ ಮನೆಗೆ ಬಂದವರ ಹಾಗೆ ಆ ಊರಿನ ಶಾಲೆಯ ಜಗಲಿ ಮೇಲೆ ಕೂತೆವು. ಮಾದೇವ ಎತ್ತರಕ್ಕಿದ್ದ, ಕಪ್ಪಗಿದ್ದ, ಚಡ್ಡಿಯ ಒಂದು ಜೇಬು ಹರಿದು ನೇತಾಡುತ್ತಿತ್ತು. ಅವನು ಒಂದು ಸಲ ಎಗರಿ ಬಾರಿಸಿದಾಗ ಅಪ್ಪ ಗುಟ್ಟಾಗಿ ಬಂದಿದ್ದೇನೆ ಎಂಬುದನ್ನೂ ಮರೆತು "ಆಹಹಾ!" ಎಂದು ಎದ್ದು ನಿಂತುಬಿಟ್ಟ. ಅವ್ವ ಅವನ ಪಂಚೆ ಹಿಡಿದು ಕೂರಿಸಿದಳು. ಜಯತ್ತೆ ಮಾತ್ರ ಸೆರಗನ್ನು ಬಾಯಿಗೆ ಅಡ್ಡ ಇಟ್ಟುಕೊಂಡು, ಅಲುಗಾಡದೆ ಎರಡು ಆಟ ಪೂರ್ತಿ ನೋಡಿದಳು. ಎರಡನೆಯದರಲ್ಲಿ ಹದಿಮೂರಕ್ಕೆ ಹದಿನಾಲ್ಕು ಇದ್ದಾಗ ಅವರ ಲಿಫ್ಟರ್ ಚೆಂಡನ್ನು ಎಲ್ಲಿಗೋ ಎತ್ತಿ ಆಟವನ್ನೇ ಕಳೆದ. ನಮ್ಮ ಚಿಕ್ಕಪ್ಪನಾಗಿದ್ದರೆ ಆ ಲಿಫ್ಟರ್‌ನ ಮೂರು ತಲೆಮಾರನ್ನು ಬೈಯುತ್ತಿದ್ದ. ಮಾದೇವ ಅವನ ಹತ್ತಿರ ಹೋಗಿ ಬೆನ್ನು ತಟ್ಟಿ, ಏನೋ ಹೇಳಿ ನಗಿಸಿದ.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಅಪ್ಪ ಎಗರಿನ ಬಗ್ಗೆಯೇ ಮಾತಾಡುತ್ತಿದ್ದ. ಜಯತ್ತೆ ಕಿಟಕಿ ಕಡೆ ನೋಡುತ್ತಾ ಹೇಳಿದಳು.

"ಅವನು ಎಡಗಡೆ ಬಂದ ಚೆಂಡು ಸರಿಯಾಗಿ ಎತ್ತಕ್ಕಿಲ್ಲ. ಇಂದೆ ಓದಾಗ ನಿದ್ದೆ ಮಾಡ್ತಾನೆ. ಆಟದಾಗೆ ನಿಂಗಣ್ಣನಿಗಿಂತ ಎಚ್ಚೇನಿಲ್ಲ."

ಅಪ್ಪನ ಮುಖ ಸಣ್ಣಗಾಯಿತು. "ಹಂಗಾದ್ರೆ ಬ್ಯಾಡ ಅಂತೀಯ?"

"ಬ್ಯಾಡ ಅಂತ ಎಲ್ಲಂದೆ? ತಪ್ ಮಾಡ್ದೋನ್ ಬೆನ್ ತಟ್ಟಿದ ನೋಡು, ಅದಕ್ಕೆ ಒಪ್ಕಂಡಿವ್ನಿ. ನಿನ್ ಟೀಮ್ಗೆ ಅಂತ ಅಲ್ಲ."

ಅವ್ವ ಅವಳ ಕೈ ಹಿಡಿದುಕೊಂಡು ಪಾಂಡವಪುರ ಬರುವವರೆಗೂ ಬಿಡಲಿಲ್ಲ. ಅಪ್ಪನ ಕಿವಿಗೆ ಬಿದ್ದದ್ದು ಒಪ್ಪಿದ್ದು ಮಾತ್ರ.

ಮಾತುಕತೆಗೆ ಹೋದಾಗ ಅಪ್ಪ ಅವರ ಮುಂದೆ ಇಟ್ಟದ್ದು ಒಂದೇ ಬೇಡಿಕೆ. ಸಂಕ್ರಾಂತಿಯಿಂದ ಯುಗಾದಿವರೆಗೆ ಹುಡುಗ ನಮ್ಮೂರ ಪರವಾಗಿ ಆಡಬೇಕು. ಮಾದೇವನ ಅಪ್ಪ ದಪ್ಪ ಮೀಸೆಯ ಮುದುಕ, ಆ ಊರಿನ ಟೀಮು ನೋಡಿಕೊಳ್ಳುತ್ತಿದ್ದವನು ಅವನೇ. ಆತ ತುಂಬಾ ಹೊತ್ತು ನಕ್ಕ. "ಎಣ್ಣು ಕೊಡಾಕ್ ಬಂದು ಗಂಡನ್ನೇ ಕೇಳ್ತೀರಲ್ರೀ ಯಜಮಾನ್ರೆ! ಆಯ್ತು, ತಕ್ಕಂಡೋಗಿ. ನಿಮ್ಮನೆ ಎಣ್ಣು ನಮಗೆ, ನಮ್ಮನೆ ಒಡೆತ ನಿಮಗೆ," ಎಂದು ಒಪ್ಪಿಕೊಂಡ. ಅಪ್ಪ ಊರಿಗೆ ಬಂದು, ಇಂಥಾ ವ್ಯವಹಾರ ಈ ತಾಲ್ಲೂಕಿನಲ್ಲೇ ಯಾರೂ ಮಾಡಿಲ್ಲ ಎಂದು ಕೆಂಪಣ್ಣನ ಹೆಗಲು ಬಡಿದ. ಆ ಆಷಾಢಕ್ಕೆ ಮುಂಚೆಯೇ ಮದುವೆಯಾಯಿತು. ಜಯತ್ತೆ ಹೊರಟ ದಿನ ನಾನು ಅಡುಗೆ ಮನೆಯಲ್ಲಿ ಕೂತು ಬಾಯಿಬಿಟ್ಟು ಅತ್ತೆ. ಅವಳಿಲ್ಲದ ಆ ಒಲೆಯ ಮುಂದೆ ನನಗೆ ಒಂದು ವಾರ ಅನ್ನ ಸೇರಲಿಲ್ಲ.

ಮದುವೆಯಾದ ಮೊದಲ ವರ್ಷ ಗೌರಿ ಹಬ್ಬಕ್ಕೆ ಬಾಗಿನ ತೆಗೆದುಕೊಳ್ಳಲು ಜಯತ್ತೆ ಬಂದಳು. ಬಾಗಿಲಲ್ಲಿ ಕಾಲು ತೊಳೆದುಕೊಳ್ಳುತ್ತಿರುವಾಗಲೇ ಅಪ್ಪ ಕೇಳಿದ, "ಬಾವನ ರಟ್ಟೆ ಎಂಗೈತೆ? ಗದ್ದೆ ಕೆಲ್ಸ ಜಾಸ್ತಿ ಮಾಡಿಸ್ಬ್ಯಾಡ ಅಂತ ಮಾವನಿಗೆ ಏಳು." ಚಿಕ್ಕಪ್ಪನೂ ಬಂದು ರಟ್ಟೆಯನ್ನೇ ಕೇಳಿದ. ಜಯತ್ತೆ ಎಲ್ಲರಿಗೂ ಚೆನ್ನಾಗಿದೆ ಎಂದಳು. ಹಬ್ಬದ ಊಟವಾದ ಮೇಲೆ ಹೊರಗಿನವರು ಇದ್ದರೂ ಅವಳು ಹಜಾರಕ್ಕೇ ಬಂದಳು. ಮದುವೆಯಾದ ಹೆಣ್ಣು ಎಂದೋ ಏನೋ, ಅಜ್ಜಿ ಸುಮ್ಮನಿದ್ದಳು. ನೆಲದ ಮೇಲೆ ಆರು ಮನೆ ಬರೆದಿತ್ತು. ಎರಡು ಸ್ಮ್ಯಾಶರ್ ಬೀಜಗಳನ್ನು ಅಪ್ಪ ಮುಂದಿನ ಸಾಲಿನಲ್ಲಿ ಅಕ್ಕಪಕ್ಕ ಇಟ್ಟಿದ್ದ.

"ಅಣ್ಣ, ಇಬ್ರನ್ನೂ ಜತೇಲಿ ನಿಲ್ಲಿಸ್ಬ್ಯಾಡ. ಸರೀತಾ ಸರೀತಾ ಇಬ್ರೂ ಜತೇಲೇ ಇಂದಕ್ಕೆ ಓಯ್ತಾರೆ. ಎರಡು ಸುತ್ತು ಮುಂದೆ ಒಡೆಯೋರೇ ಇರಕ್ಕಿಲ್ಲ. ಎದುರುಬದುರು ಮಡಗು. ಒಬ್ಬ ಮುಂದಿದ್ರೆ ಒಬ್ಬ ಇಂದೆ."

"ಹಂಗಂದ್ರೆ ಆಟ ಶುರುವಾಗೋವಾಗ ಒಬ್ಬ ಇಂದೆ ನಿಂತ್ಕಬೇಕಲ್ಲ," ಅಂದ ಅಪ್ಪ.

"ನಿಂತ್ಕತಾನೆ. ಏನೀಗ?"

"ನಾನು ನಿಂತ್ಕಳಕ್ಕಿಲ್ಲ," ಅಂದ ಚಿಕ್ಕಪ್ಪ. "ಇಷ್ಟು ವರ್ಸ ಮುಂದೆ ನಿಂತೋನು ನಾನು. ಊರೋರು ಏನಂದ್ಕತಾರೆ?"

"ಹಂಗಾದ್ರೆ ನಮ್ಮನೆಯವರನ್ನ ನಿಲ್ಲಿಸಿ."

ಅಪ್ಪನಿಗೆ ಸಿಟ್ಟು ಬಂತು. "ಏನವ್ವ ಇಂಗಂತೀಯ? ಅಳಿಯನ್ನ ಇಂದೆ ನಿಲ್ಸದಾ? ನಾಕು ಊರಿನ ಜನ ನೋಡ್ತಿರ್ತಾರೆ. ಮಾವನ ಮನೇಲಿ ಮರ್ವಾದೆ ಕೊಡ್ನಿಲ್ಲ ಅಂತ ಆಡ್ಕಳಾಕಿಲ್ವಾ?"

"ಅವರಿಗೆ ಅದೆಲ್ಲ ಇಲ್ಲ ಅಣ್ಣ. ಎಲ್ಲಿ ನಿಲ್ಲಿಸಿದ್ರೂ ನಿಂತ್ಕತಾರೆ."

"ಅವನಿಗೆ ಇಲ್ದಿದ್ರೂ ನಮಗೈತೆ. ನೀನು ಸುಮ್ಕೆ ಒಳಕ್ಕೋಗು."

ಜಯತ್ತೆ ಒಳಗೆ ಬಂದು ನನ್ನ ಜಡೆ ಬಿಚ್ಚಿ ಮತ್ತೆ ಹೆಣೆಯಲು ಕೂತಳು. ಎಷ್ಟು ಬಿಗಿಯಾಗಿ ಹೆಣೆದಳೆಂದರೆ ಎರಡು ದಿನ ನನ್ನ ತಲೆ ನೋಯುತ್ತಿತ್ತು.

ಸಂಕ್ರಾಂತಿಯ ಮಾರನೇ ದಿನ ಮಾದೇವ ಮಾವ ಒಂದು ಚೀಲ ಹಿಡಿದುಕೊಂಡು ಬಂದ. ಕೊಟ್ಟ ಮಾತಿಗೆ ತಪ್ಪುವವನಲ್ಲ. ಶನಿವಾರ ಬಂದು ಭಾನುವಾರ ಆಡಿ ಸೋಮವಾರ ಹಾಲು ಕರೆಯುವ ಹೊತ್ತಿಗೆ ಊರಿಗೆ ಹೋಗುತ್ತಿದ್ದ. ಅವನಿಗೆ ನಮ್ಮ ಮನೆಯಲ್ಲಿ ಆದ ಉಪಚಾರ ನೋಡಿ ನನಗೇ ಹೊಟ್ಟೆ ಉರಿಯುತ್ತಿತ್ತು. ಬಿಸಿನೀರು, ಕೋಳಿ ಸಾರು, ರಟ್ಟೆಗೆ ಎಳ್ಳೆಣ್ಣೆ. ಅಪ್ಪ ತಾನೇ ಎಣ್ಣೆ ತಿಕ್ಕಲು ಹೋದಾಗ ಮಾದೇವ ಮಾವ ನಾಚಿಕೊಂಡು ಹಿತ್ತಲಿಗೆ ಓಡಿಹೋಗಿದ್ದ. ಆ ವರ್ಷ ನಾವು ಒಂದಾದ ಮೇಲೊಂದು ಗೆದ್ದೆವು. ಇಬ್ಬರೂ ಮುಂದಿದ್ದಾಗ ಎದುರಿನವರು ಕೈ ಎತ್ತುವಷ್ಟರಲ್ಲಿ ಆಟ ಮುಗಿಯುತ್ತಿತ್ತು. ಇಬ್ಬರೂ ಹಿಂದೆ ಹೋದ ಎರಡು ಸುತ್ತಿನಲ್ಲಿ ನಾವು ತತ್ತರಿಸುತ್ತಿದ್ದದ್ದು ಯಾರಿಗೂ ಕಾಣಲಿಲ್ಲ, ಗೆಲ್ಲುತ್ತಿದ್ದೆವಲ್ಲ. ಮಾದೇವ ಮಾವ ಒಂದೆರಡು ಸಲ, "ನಾನು ಬೇಕಾದ್ರೆ ಇಂದ್ಗಡೆಯಿಂದ ಶುರು ಮಾಡ್ತೀನಿ," ಎಂದದ್ದುಂಟು. ಅಪ್ಪ ಕಿವಿ ಮುಚ್ಚಿಕೊಂಡು "ಶಿವ ಶಿವಾ" ಎಂದುಬಿಡುತ್ತಿದ್ದ.

ಕೊನೇ ಪಂದ್ಯ ಪಾಂಡವಪುರದ ಬಯಲಿನಲ್ಲಿ. ನಮ್ಮೆದುರು ಆಡಲು ಗೆದ್ದು ಬಂದಿದ್ದವರು ಬೇರೆ ಯಾರೂ ಅಲ್ಲ, ಮಾದೇವ ಮಾವನ ಊರಿನವರೇ. ಅವನನ್ನು ಕಳೆದುಕೊಂಡೂ ಅವರು ಅಲ್ಲಿಯವರೆಗೆ ಹೇಗೆ ಬಂದರು ಎಂದು ಹಜಾರದಲ್ಲಿ ಒಂದು ವಾರ ಚರ್ಚೆಯಾಯಿತು. ಕೆಂಪಣ್ಣ ಅದೃಷ್ಟ ಎಂದ. ಆ ಭಾನುವಾರ ಊರಿನ ಟ್ರಾಕ್ಟರ್ ತುಂಬಾ ನಾವೆಲ್ಲ ಹೋದೆವು. ಅವ್ವ, ಅಜ್ಜಿ ಕೂಡ. ಬಯಲಿನ ಆಚೆ ಬದಿಯಲ್ಲಿ, ಅವರ ಕಡೆಯ ಗಂಡಸರ ಗುಂಪಿನ ನಡುವೆ ಒಂದು ಕಬ್ಬಿಣದ ಕುರ್ಚಿ ಹಾಕಿತ್ತು. ಕುರ್ಚಿಯಲ್ಲಿ ಜಯತ್ತೆ ಕೂತಿದ್ದಳು. ಪಕ್ಕದಲ್ಲಿ ಅವಳ ಮಾವ, ಆ ಮೀಸೆಯ ಮುದುಕ, ಬಗ್ಗಿ ನಿಂತು ಅವಳು ಹೇಳುವುದನ್ನು ಕೇಳುತ್ತಿದ್ದ. ಅಪ್ಪ ಮೊದಲು ನೋಡಲಿಲ್ಲ. ನೋಡಿದಾಗ ಅವನ ಕೈಯಲ್ಲಿದ್ದ ಕಡ್ಲೆಕಾಯಿ ಹಾಗೇ ಉಳಿಯಿತು.

ಮೊದಲ ಆಟ ನಾವು ಗೆದ್ದೆವು. ಆಮೇಲೆ ಅವರು ಹೊಸ ರೀತಿ ಶುರು ಮಾಡಿದರು. ನಮ್ಮ ಇಬ್ಬರೂ ಮುಂದಿರುವಾಗ ಅವಸರ ಮಾಡದೆ ಚೆಂಡನ್ನು ಸುಮ್ಮನೆ ಆಚೆ ದಾಟಿಸಿ, ಹೇಗೋ ತಡೆದುಕೊಂಡು, ಸುತ್ತು ಮುಂದೆ ಹೋಗುವುದನ್ನು ಕಾಯುತ್ತಿದ್ದರು. ಇಬ್ಬರೂ ಹಿಂದೆ ಹೋದ ಕೂಡಲೇ ಮೀಸೆ ಮುದುಕ ಒಂದು ಬೆರಳೆತ್ತುತ್ತಿದ್ದ. ಆಗ ಸರ್ವೀಸೆಲ್ಲ ಮಾದೇವ ಮಾವನ ಎಡಗಡೆಗೇ ಬೀಳುತ್ತಿತ್ತು. ಅವನ ಊರಿನ ಹುಡುಗರೇ, ಅವನ ಜೊತೆ ಬೆಳೆದವರೇ, ಅವನ ಎಡಗೈ ಹುಳುಕನ್ನು ಅಷ್ಟು ಸರಿಯಾಗಿ ಮೊದಲು ಯಾವತ್ತೂ ಲೆಕ್ಕ ಹಾಕಿರಲಿಲ್ಲ. ಖಲೀಲಣ್ಣ ಲಿಫ್ಟು ಕೊಡಲು ಮುಂದೆ ಯಾರೂ ಇಲ್ಲದೆ ಚೆಂಡು ಹಿಡಿದುಕೊಂಡವನ ಹಾಗೆ ಸುತ್ತ ನೋಡುತ್ತಿದ್ದ. ಚಿಕ್ಕಪ್ಪ ಟವೆಲ್ ಬಡಿದ. ಎರಡನೇ ಆಟ ಹೋಯಿತು, ಮೂರನೆಯದೂ ಹೋಯಿತು. ಬಹುಮಾನದ ಕಪ್ಪು ಮತ್ತು ಟಗರು ಕಿಕ್ಕೇರಿ ಕಡೆಗೆ ಹೊರಟವು. ಮಾದೇವ ಮಾವ ತನ್ನ ಊರಿನವರನ್ನೆಲ್ಲ ತಬ್ಬಿಕೊಂಡು, ಆಮೇಲೆ ನಮ್ಮ ಕಡೆ ಬಂದು ಖಲೀಲಣ್ಣನ ಬೆನ್ನು ತಟ್ಟಿದ.

ಸಾಯಂಕಾಲ ಜಯತ್ತೆಯೂ ಮಾದೇವ ಮಾವನೂ ನಮ್ಮ ಮನೆಗೇ ಬಂದರು. ಅವ್ವ ಸೋತ ದಿನ ಎಂದು ನೋಡದೆ ಹಿಚುಕಿದ ಅವರೆಬೇಳೆ ಸಾರು ಮಾಡಿದ್ದಳು. ದೀಪ ಹಚ್ಚಿ ಎಲ್ಲರಿಗೂ ಬಡಿಸಿದರು. ಮಾದೇವ ಮಾವನೇ ನಗಿಸಲು ನೋಡಿದ.

"ನನಗೂ ಗೊತ್ತಿರ್ನಿಲ್ಲ ಬಾವ. ಮನೇಲಿ ಅಪ್ಪ, ಸೊಸೆ ಇಬ್ರೂ ಬಾಗ್ಲಾಕ್ಕಂಡು ಮಾತಾಡೋರು. ನೀನು ಆ ಕಡೆಯೋನು ಅಂತ ನನ್ನ ಕೊಟ್ಟಿಗೆಗೆ ಕಳಿಸ್ಬುಡೋರು."

ಅಪ್ಪ ಮುದ್ದೆ ಮುರಿದುಕೊಂಡು ಜಯತ್ತೆಯ ಕಡೆ ನೋಡಿದ.

"ನಮ್ ಒಳಗುಟ್ಟೆಲ್ಲ ಅವರಿಗೆ ಏಳ್ಬುಟ್ಯಲ್ಲವ್ವ. ಉಟ್ಟಿದ ಮನೆ ಅಂತ ಒಸಿನೂ ಅನ್ನಿಸ್ನಿಲ್ವಾ?"

"ನಿಂಗೇ ಮೊದ್ಲು ಏಳಿದ್ದು ಅಣ್ಣ. ಗೌರಿ ಹಬ್ಬದಲ್ಲಿ ಏಳ್ದೆ. ಒಳಕ್ಕೋಗು ಅಂದೆ. ಅಲ್ಲಿ ಮಾವ ಏನಂದ್ರು ಗೊತ್ತಾ? ನಮ್ ಉಡ್ಗನ್ನ ಅವರಿಗೆ ಕೊಟ್ಟಿವ್ನಿ, ಈಗ ಏನ್ ಮಾಡಾನ ನೀನೇ ಏಳವ್ವ ಅಂದ್ರು. ಕೂರಿಸ್ಕಂಡು ಕೇಳಿದ್ರು. ಏಳ್ದೆ."

"ಟೀಮಿಗೋಸ್ಕರ ನಿನ್ನ ಕೊಟ್ಬುಟ್ಟೆ ಅಂತ ಮನಸ್ನಲ್ಲಿ ಮಡಿಕ್ಕಂಡಿದ್ದೀಯ."

"ಇಲ್ಲ ಅಣ್ಣ. ನಾನು ನೋಡಿ ಒಪ್ಕಂಡಿದ್ದು, ಅದ್ರಲ್ಲಿ ನಿನ್ ತಪ್ಪಿಲ್ಲ." ಅಲ್ಲಿಯವರೆಗೆ ಸಮವಾಗಿದ್ದ ಅವಳ ದನಿ ಅಲ್ಲಿ ಸ್ವಲ್ಪ ಒಡೆಯಿತು. "ಮದ್ವೆ ಆದ್ಮೇಲೆ ನಾಕು ಸಲ ಈ ಮನೇಗೆ ಬಂದಿವ್ನಿ. ನಾಕು ಸಲನೂ ಅವ್ರ ರಟ್ಟೆ ಎಂಗೈತೆ ಅಂತ ಕೇಳ್ದೆ. ನಾನು ಎಂಗಿವ್ನಿ ಅಂತ ಒಂದ್ಸಲ ಕೇಳಿದ್ಯಾ?"

ಬಡಿಸುತ್ತಿದ್ದ ಅವ್ವನ ಕೈ ನಿಂತಿತು. ಚಿಕ್ಕಪ್ಪ ಗೋಡೆ ನೋಡಿದ. ಅಪ್ಪ ಮುರಿದ ಮುದ್ದೆಯನ್ನು ತಟ್ಟೆಗೇ ಇಟ್ಟು, ನಮಗೆ ಯಾರಿಗೂ ಪರಿಚಯವಿಲ್ಲದ ಸಣ್ಣ ದನಿಯಲ್ಲಿ ಕೇಳಿದ.

"ಎಂಗಿದ್ದೀಯವ್ವ?"

"ಚೆನ್ನಾಗಿವ್ನಿ ಅಣ್ಣ," ಅಂದಳು ಜಯತ್ತೆ. "ಇಲ್ಲಿ ಇದ್ದುದ್ಕಿಂತ ಚೆನ್ನಾಗಿವ್ನಿ."

ಅವಳು ಅದನ್ನು ಕೋಪದಲ್ಲಿ ಹೇಳಲಿಲ್ಲ, ಕೇಳಿದ್ದಕ್ಕೆ ಇದ್ದದ್ದನ್ನು ಹೇಳಿದಳು. ಅಪ್ಪ ತಲೆ ತಗ್ಗಿಸಿ "ಒಳ್ಳೇದಾಯ್ತು ಕಣವ್ವ, ಒಳ್ಳೇದಾಯ್ತು," ಅಂದ. ಕಣ್ಣೊರೆಸಿಕೊಳ್ಳಲು ಕೈ ಎತ್ತಿ, ಎಂಜಲು ಕೈ ಎಂದು ನೆನಪಾಗಿ, ಮೊಣಕೈಯಿಂದ ಒರೆಸಿಕೊಂಡ.